ಒಬ್ಬರಿಗೆ ಎಷ್ಟು ಅಕ್ಕಿ?

ಬೆಂಗಳೂರಿನಲ್ಲಿ ಒಂಟಿ ರೂಮು ಹಿಡಿದು, ಅಡ್ವಾನ್ಸ್ ಕೊಟ್ಟು ಬರಿಗೈಯಾದ ಮೇಲೆ, ಮೊದಲ ಭಾನುವಾರ ಊರಿಗೆ ಹೋಗುವ ಫೋನಿನ ವಿಷಯ ಎಲ್ಲರದೂ ಒಂದೇ.

"ಅಮ್ಮಾ, ಒಬ್ಬರಿಗೆ ಎಷ್ಟು ಅಕ್ಕಿ ಹಾಕ್ಬೇಕು?"

"ಒಂದ್ ಹಿಡಿ ಹಾಕು ಕಣೋ."

"ನಿನ್ನ ಹಿಡಿನೋ, ನನ್ನ ಹಿಡಿನೋ?"

"ಅಂದಾಜಲ್ಲಿ ನೋಡ್ಕೊಂಡು ಹಾಕಪ್ಪ. ಅದನ್ನೂ ಹೇಳ್ಕೊಡ್ಬೇಕಾ?"

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯಿತು. ಅಮ್ಮನದೇನೂ ತಪ್ಪಿಲ್ಲ. ಜೀವಮಾನವೆಲ್ಲ ಐದಾರು ಜನಕ್ಕೆ ಬೇಯಿಸಿದ ಕೈ ಅದು, ಒಬ್ಬರಿಗೆ ಅಂದರೆ ಅದಕ್ಕೂ ದಿಕ್ಕು ತಪ್ಪುತ್ತದೆ. ನಮ್ಮ ಅಡುಗೆಯಲ್ಲಿ 'ಒಂದು' ಅನ್ನುವ ಅಳತೆಯೇ ಇಲ್ಲ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಅಂದರೆ ನಾಲ್ಕು ಜನರ ಸಾರು. ಒಂದು ಕಟ್ಟು ಸೊಪ್ಪು ಅಂದರೆ ನಾಲ್ಕು ಜನರ ಪಲ್ಯ. ತೆಂಗಿನಕಾಯಿಯಂತೂ ಒಬ್ಬರ ಲೆಕ್ಕಕ್ಕೆ ಬೆಳೆಯುವುದೇ ಇಲ್ಲ. ಹಾಗಾಗಿ ಒಂಟಿ ಮನೆಯಲ್ಲಿ ಕಡಿಮೆ ದುಡ್ಡಿನಲ್ಲಿ ಬದುಕುವ ವಿದ್ಯೆ ಅಂದರೆ ಭಾಗಾಕಾರ. ಲೆಕ್ಕ ತಪ್ಪಿದ ದಿನ ಮಾಡಿದ್ದುಣ್ಣೋ ಮಹರಾಯ, ಅದೂ ಮೂರು ಹೊತ್ತು.

ಅಕ್ಕಿಯ ಉತ್ತರ ಮೊದಲು ಹೇಳಿಬಿಡುತ್ತೇನೆ. ಹೋಟೆಲಿನಲ್ಲಿ ಬೈಟೂ ಕಾಫಿ ಕೊಡುವ ಚಿಕ್ಕ ಲೋಟ ಇದೆಯಲ್ಲ, ಅದರ ತುಂಬ ಅಕ್ಕಿ ಹಾಕಿದರೆ ಸುಮಾರು 80 ಗ್ರಾಂ ಹಿಡಿಯುತ್ತದೆ. ಬೆಂದರೆ ಮೂರು ಪಾಲಾಗಿ ಅರಳುತ್ತದೆ. ಒಬ್ಬರ ಒಂದು ಊಟಕ್ಕೆ ಅಷ್ಟು ಸಾಕು. ಹಸಿವಾಗಿರುವಾಗ ಅಕ್ಕಿ ಅಳೆಯಬಾರದು, ಲೋಟ ಚಿಕ್ಕದಾಗಿ ಕಾಣುತ್ತದೆ. ಸೋನಾ ಮಸೂರಿಯಾದರೆ ಅದೇ ಲೋಟದಲ್ಲಿ ಎರಡು ನೀರು, ಅಕ್ಕಿ ಹೊಸದಾಗಿದ್ದರೆ ಸ್ವಲ್ಪ ಕಡಿಮೆ. ತೊಗರಿಬೇಳೆ ಅರ್ಧ ಲೋಟ, ಅದಕ್ಕೆ ಮೂರು ಪಾಲು ನೀರು, ಚಿಟಿಕೆ ಅರಿಸಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ರುಚಿಗಲ್ಲ, ಬೇಳೆಯ ನೊರೆ ಉಕ್ಕದಿರಲಿ ಅಂತ. ಆ ನೊರೆ ಮೇಲೆದ್ದು ಸೀಟಿಯ ಕೊಳವೆಗೆ ಹೊಕ್ಕರೆ ಕುಕ್ಕರ್ ಕೂಗುವ ಬದಲು ಕಾರಂಜಿಯಾಗುತ್ತದೆ. ಆಮೇಲೆ ಅರಿಸಿನದ ಚುಕ್ಕೆಗಳನ್ನು ಓನರ್ ನೋಡುವುದರೊಳಗೆ ಚಾವಣಿಯಿಂದ ಒರೆಸಬೇಕು.

ಇನ್ನು ಆ 80 ಗ್ರಾಂ ಅಕ್ಕಿಯನ್ನು ಊರಿಂದ ತಂದ ಐದು ಲೀಟರ್ ಕುಕ್ಕರಿಗೆ ನೇರವಾಗಿ ಸುರಿದರೆ, ತಳದಲ್ಲಿ ಒಂದೇ ಪದರವಾಗಿ ಹರಡಿಕೊಂಡು ಸೀದುಹೋಗುತ್ತದೆ. ಎರಡು ಲೀಟರಿನ ಕುಕ್ಕರ್ ಕೊಳ್ಳಬೇಕು, ಇಲ್ಲವೇ ದೊಡ್ಡದರೊಳಗೆ ಡಬ್ಬಿ ಇಟ್ಟು ಬೇಯಿಸಬೇಕು. ಕೆಳಗೆ ಬೇಳೆ, ಮೇಲೆ ಅಕ್ಕಿ, ನಡುವೆ ತಟ್ಟೆ. ಡಬ್ಬಿಯ ದಾರಿ ಅಗ್ಗ, ಆದರೆ ಒಂಟಿ ಮನೆಗಳ ಅತಿ ಪ್ರಸಿದ್ಧ ಅನಾಹುತ ಇರುವುದೂ ಇಲ್ಲೇ. ಡಬ್ಬಿಗಳಿಗೆ ಅಳೆದೂ ಅಳೆದೂ ನೀರು ಹಾಕಿರುತ್ತಾರೆ, ಕುಕ್ಕರಿನ ತಳಕ್ಕೆ ಹಾಕುವುದನ್ನು ಮರೆತಿರುತ್ತಾರೆ. ಉರಿ ಏರಿದರೂ ಸೀಟಿ ಬರುವುದಿಲ್ಲ. ಹತ್ತು ನಿಮಿಷಕ್ಕೆ ಕಾದ ಲೋಹದ ವಾಸನೆ, ಹದಿನೈದಕ್ಕೆ ರಬ್ಬರ್ ವಾಸನೆ, ಕೊನೆಗೆ ಮುಚ್ಚಳದ ಮೇಲಿನ ಸೇಫ್ಟಿ ವಾಲ್ವ್ ಕರಗಿ 'ಬುಸ್'. ವಾಲ್ವ್ ಇರುವುದೇ ಹಾಗೆ ಕರಗಿ ಪ್ರಾಣ ಉಳಿಸಲಿಕ್ಕೆ. ಹೋದದ್ದನ್ನು ಬದಲಿಸಬೇಕು, ಅದೇ ಕಂಪನಿಯದನ್ನೇ ತಂದು. ಮೊಳೆ ಬಡಿದೋ ಎಂ-ಸೀಲ್ ಮೆತ್ತಿಯೋ ಮುಚ್ಚುವ ಜಾಣತನ ಬೇಡ. ತಳಕ್ಕೆ ಯಾವಾಗಲೂ ಎರಡು ದೊಡ್ಡ ಲೋಟ ನೀರು, ಅಂದರೆ 400 ಮಿಲೀ, ಇರಲಿ.

ನೀರು ಹಾಕಿದ್ದೂ ಸೀಟಿ ಬರದೆ ಮುಚ್ಚಳದ ಸುತ್ತ ಹಬೆ ಹೋಗುತ್ತಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ ಅಂತ. ತೆಗೆದು ತಣ್ಣೀರಿನಲ್ಲೋ ಫ್ರೀಜರಿನಲ್ಲೋ ಹತ್ತು ನಿಮಿಷ ಇಟ್ಟರೆ ಬಿಗಿಯಾಗಿ ಅವತ್ತಿನ ಊಟ ಆಗುತ್ತದೆ. ಹೀಗೆ ದಿನಾ ಮಾಡಿಕೊಂಡು ಮೂರು ತಿಂಗಳು ದೂಡುವವರಿದ್ದಾರೆ. ಅಷ್ಟರಲ್ಲಿ ಹಬೆಯ ಜೊತೆ ಹೋದ ಗ್ಯಾಸಿನ ದುಡ್ಡಿಗೆ ಎರಡು ಗ್ಯಾಸ್ಕೆಟ್ ಬರುತ್ತಿತ್ತು.

ಸಾರಿಗೆ ಹುಣಸೆಹಣ್ಣು ನಿಂಬೆ ಗಾತ್ರ ಅಲ್ಲ, ಅಡಿಕೆ ಗಾತ್ರ. ಉಪ್ಪು 'ರುಚಿಗೆ ತಕ್ಕಷ್ಟು' ಅನ್ನುವುದು ರುಚಿ ಗೊತ್ತಿರುವವರಿಗೆ ಹೇಳುವ ಮಾತು. ಒಬ್ಬರ ಸಾರು 300 ಮಿಲೀ ಅಂದುಕೊಂಡರೆ ಅರ್ಧ ಟೀ ಚಮಚ ಸಾಕು. ಹೆಚ್ಚಾದರೆ ಆಲೂಗಡ್ಡೆ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಆಲೂಗಡ್ಡೆ ಉಪ್ಪನ್ನಷ್ಟೇ ಆರಿಸಿ ಕುಡಿಯುವುದಿಲ್ಲ, ಉಪ್ಪುನೀರನ್ನು ಕುಡಿಯುತ್ತದೆ. ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ, ಜೊತೆಗೊಂದು ಉಪ್ಪುಪ್ಪಾದ ಆಲೂಗಡ್ಡೆ ಸಿಗುತ್ತದೆ. ನೀರು, ಬೇಳೆ ಸೇರಿಸುವುದೊಂದೇ ದಾರಿ. ಸೇರಿಸುತ್ತ ಹೋದರೆ ಸಾರು ಮತ್ತೆ ನಾಲ್ಕು ಜನರದಾಗಿ ತನ್ನ ಸಹಜ ಸ್ಥಿತಿಗೆ ಮರಳುತ್ತದೆ.

ಮಿಕ್ಕ ಅನ್ನವನ್ನು ಒಲೆಯ ಮೇಲೇ ಬಿಟ್ಟು ಮಲಗುವುದು ಉಳಿತಾಯವಲ್ಲ. ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಾಣುಗಳು ಬೆಚ್ಚಗಿನ ಅನ್ನದಲ್ಲಿ ಮತ್ತೆ ಮೊಳೆತು ವಿಷ ಬಿಡುತ್ತವೆ, ಆ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಆರುತ್ತಲೇ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೆಳಗ್ಗೆ ಅಗುಳು ಗಟ್ಟಿಯಾಗಿ ಬಿಡಿಬಿಡಿಯಾಗಿರುತ್ತದೆ, ಚಿತ್ರಾನ್ನಕ್ಕೆ ಬಿಸಿ ಅನ್ನಕ್ಕಿಂತ ಅದೇ ಮೇಲು. ಫ್ರಿಜ್ಜಿಲ್ಲದವರು ಅಳತೆ ಕಲಿಯದೆ ಗತಿಯಿಲ್ಲ.

ಕೊತ್ತಂಬರಿ ಸೊಪ್ಪಿನ ಬೇರು ಕತ್ತರಿಸಿ, ತೊಳೆಯದೆ, ಒಣ ನ್ಯೂಸ್‌ಪೇಪರಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ಒಂದು ವಾರ ಬರುತ್ತದೆ. ತೊಳೆದಿಟ್ಟರೆ ಮೂರನೇ ದಿನ ಹಸಿರು ಲೋಳೆ. ತೆಂಗಿನಕಾಯಿ ಒಡೆದ ದಿನವೇ ಪೂರ್ತಿ ತುರಿದು, ಒಂದೊಂದು ಹಿಡಿ ಬೇರೆ ಬೇರೆಯಾಗಿ ಫ್ರೀಜರಿಗೆ ಹಾಕಿ. ಒಂದೇ ಡಬ್ಬಿಗೆ ತುಂಬಿದರೆ ಗಟ್ಟಿಯಾದ ಮೇಲೆ ತುರಿಯನ್ನು ಮತ್ತೆ ಒಡೆಯಲು ಗುಂಡುಕಲ್ಲೇ ಬೇಕಾಗುತ್ತದೆ.

ಅಗ್ಗಕ್ಕೆ ಮರುಳಾಗಿ 25 ಕೆ.ಜಿ. ಅಕ್ಕಿ ಮೂಟೆ ತರುವವರಿಗೆ ಒಂದು ಚಿಕ್ಕ ಲೆಕ್ಕ. ದಿನಕ್ಕೆ ಎರಡು ಬೈಟೂ ಲೋಟ, 160 ಗ್ರಾಂ, ತಿಂಗಳಿಗೆ ಐದು ಕೆ.ಜಿ.ಯೊಳಗೆ. ಮೂಟೆ ಮುಗಿಯಲು ಐದು ತಿಂಗಳು ಬೇಕು. ಹುಳಕ್ಕೆ ಅಷ್ಟು ತಾಳ್ಮೆ ಇಲ್ಲ. ಒಂಟಿ ಮನೆಗೆ ಐದು ಕೆ.ಜಿ. ಅಕ್ಕಿ, ಒಂದು ಕೆ.ಜಿ. ಬೇಳೆ, ಅರ್ಧದಿಂದ ಮುಕ್ಕಾಲು ಲೀಟರ್ ಎಣ್ಣೆ, ನೂರು ಗ್ರಾಂ ಸಾರಿನ ಪುಡಿ, ಇದು ತಿಂಗಳ ಸಾಮಾನು. ರವೆಯನ್ನು ತಂದ ದಿನವೇ ಹುರಿದಿಡಿ, ಹುಳದ ಮೊಟ್ಟೆ ಸಾಯುತ್ತದೆ, ಮುಂದೆ ಉಪ್ಪಿಟ್ಟಿನ ಹತ್ತು ನಿಮಿಷವೂ ಉಳಿಯುತ್ತದೆ. ಏನೂ ಬೇಯಿಸಲು ಮನಸ್ಸಿಲ್ಲದ ದಿನ ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ನಾಚಿಕೆ ಬಿಟ್ಟು ಹೋಗಿ. 2017ರಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಆ ದುಡ್ಡಿಗೆ ಮನೆಯಲ್ಲಿ ಒಗ್ಗರಣೆಯೂ ಆಗುವುದಿಲ್ಲ.

ಗ್ಯಾಸ್ ಕನೆಕ್ಷನ್‌ಗೆ ಬಾಡಿಗೆ ಕರಾರು, ವಿಳಾಸ ಅಂತ ಓಡಾಡಲಾಗದವರಿಗೆ ಐದು ಕೆ.ಜಿ.ಯ ಚಿಕ್ಕ ಸಿಲಿಂಡರ್ ಇದೆ, ಗುರುತಿನ ಚೀಟಿ ಇದ್ದರೆ ಸಿಗುತ್ತದೆ. ದಿನಕ್ಕೊಂದು ಗಂಟೆ ಒಂದು ಒಲೆ ಉರಿಸಿದರೆ ಹೆಚ್ಚುಕಮ್ಮಿ ಒಂದು ತಿಂಗಳು ಬರುತ್ತದೆ. ಅದು ಮುಗಿಯುವುದು ಮಾತ್ರ ಯಾವಾಗಲೂ ಬೇಳೆ ಅರ್ಧ ಬೆಂದಾಗಲೇ. ಎಷ್ಟು ಉಳಿದಿದೆ ಎಂದು ನೋಡಲು ಸಿಲಿಂಡರನ್ನು ಅಲ್ಲಾಡಿಸುವುದು, ತಟ್ಟಿ ಕಿವಿಗೊಡುವುದು ಬೇಡ. ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒಮ್ಮೆ ಒರೆಸಿ ಕಾಯಿರಿ. ಖಾಲಿ ಭಾಗ ಬೇಗ ಒಣಗುತ್ತದೆ, ದ್ರವ ಇರುವ ಭಾಗ ತಣ್ಣಗಿದ್ದು ತಡವಾಗಿ ಒಣಗುತ್ತದೆ. ಒದ್ದೆಯ ಗೆರೆ ಎಲ್ಲಿ ನಿಂತಿತೋ ಅಲ್ಲಿಯವರೆಗೆ ಗ್ಯಾಸು. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ತೆಗೆಯಿರಿ, ಲೈಟಿನ ಸ್ವಿಚ್ ಮುಟ್ಟಬೇಡಿ. ವಾಸನೆ ಪೂರ್ತಿ ಹೋದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲೇಳುತ್ತದೆ ನೋಡಿ. ಬಹಳ ಸಲ ತಪ್ಪಿತಸ್ಥ ವಾಲ್ವಿನೊಳಗಿನ ಪುಟ್ಟ ರಬ್ಬರ್ ಉಂಗುರ, ಅದನ್ನು ಬದಲಿಸುವುದು ಸಿಲಿಂಡರ್ ಕೊಟ್ಟವರ ಕೆಲಸ.

ಸ್ನಾನದ ನೀರಿಗೆ ರಾಡ್. ಗೀಸರ್ ಇಲ್ಲದ ರೂಮಿನ ಕುಲದೇವರು ಅದು. 20 ಲೀಟರ್ ಬಕೆಟ್ಟಿಗೆ 1500 ವಾಟ್ ರಾಡ್ ಹಾಕಿದರೆ ತಣ್ಣೀರು ಸ್ನಾನದ ಹದಕ್ಕೆ ಬರಲು ಸುಮಾರು ಇಪ್ಪತ್ತು ನಿಮಿಷ, ಖರ್ಚು ಅರ್ಧ ಯೂನಿಟ್. ಇಪ್ಪತ್ತನ್ನು ನಲವತ್ತು ಮಾಡಿದರೆ ಕೋಳಿ ಪುಕ್ಕ ಕೀಳುವ ನೀರಾಗುತ್ತದೆ. ಅದಕ್ಕೆ ತಣ್ಣೀರು ಬೆರೆಸುತ್ತ ಬೆರೆಸುತ್ತ ಎರಡು ಬಕೆಟ್ಟಾಗುತ್ತದೆ, ಇಲ್ಲೂ ಅದೇ ನಾಲ್ಕು ಜನರ ರೋಗ. 200 ಯೂನಿಟ್ಟಿನವರೆಗೆ ಕರೆಂಟು ಪುಕ್ಕಟೆ ಎಂದು ನಂಬಿ ರಾಡ್ ಮರೆಯುವವರು ಗೃಹಜ್ಯೋತಿಯ ಇನ್ನೊಂದು ಸಾಲನ್ನೂ ಓದಬೇಕು. ಪುಕ್ಕಟೆ ಇರುವುದು ಆ ಮೀಟರಿನ ಹಳೆಯ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟು, 200 ದಾಟಿದರೆ ಪೂರ್ತಿ ಬಿಲ್ಲು. ಇನ್ನು ರಾಡ್ ಆನ್ ಇದ್ದಾಗಲೇ ನೀರು ಕಾಯಿತಾ ಎಂದು ಬೆರಳು ಅದ್ದುವ ಅಭ್ಯಾಸ. ಒಂಟಿ ಮನೆಯಲ್ಲಿ ಶಾಕ್ ಹೊಡೆದರೆ ಸ್ವಿಚ್ ಆರಿಸಲು ಇನ್ನೊಂದು ಕೈ ಇಲ್ಲ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ರಾಡ್ ಹೊರತೆಗೆದು, ಆಮೇಲೆ ಬೆರಳು. ಕಬ್ಬಿಣದ ಬಕೆಟ್ ಯಾವತ್ತೂ ಬೇಡ. ಪ್ಲಾಸ್ಟಿಕ್ಕಿಗೆ ರಾಡ್ ತಾಗಿದರೆ ತೂತು ಬೀಳುತ್ತದೆ, ಅಡ್ಡ ಕೋಲಿಗೆ ನೇತುಹಾಕಿ ನಡುವೆ ನಿಲ್ಲಿಸಿ.

ಬಟ್ಟೆಯ ವಿಷಯ ಚಿಕ್ಕದು. ಅರ್ಧ ಬಕೆಟ್ ನೀರು, ನಾಲ್ಕೈದು ಬಟ್ಟೆ, ಒಂದು ದೊಡ್ಡ ಚಮಚ ಪುಡಿ, ಅರ್ಧ ಗಂಟೆ ನೆನೆಸುವುದು. ಪುಡಿ ಹೆಚ್ಚು ಹಾಕಿದರೆ ಬಟ್ಟೆ ಹೆಚ್ಚು ಬೆಳ್ಳಗಾಗುವುದಿಲ್ಲ, ಜಾಲಿಸುವ ಬಕೆಟ್ಟುಗಳು ಹೆಚ್ಚುತ್ತವೆ, ಅಷ್ಟೆ. 'ನಾಳೆ ಒಗೆದರಾಯಿತು' ಎಂದು ನೆನೆಹಾಕಿದ ಬಟ್ಟೆ ಮೂರನೇ ದಿನ ತಾನೇ ಬಂದು ಎಬ್ಬಿಸುತ್ತದೆ, ವಾಸನೆಯ ಮೂಲಕ. ಹೊಸ ಕೆಂಪು ಟವೆಲ್ಲಿಗೆ ಮೊದಲ ಮೂರು ಒಗೆತ ಏಕಾಂತವಾಸ. ಬಚ್ಚಲು ಉಜ್ಜುವಾಗ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದೂ ಒಟ್ಟಿಗೆ ಹಾಕಬೇಡಿ, ಏಳುವ ಕ್ಲೋರಿನ್ ಗಾಳಿ ಪುಪ್ಪುಸವನ್ನೇ ಸುಡುತ್ತದೆ. ಇದು ತಮಾಷೆಯ ಮಾತಲ್ಲ.

ಕೊನೆಗೆ ಸಿಂಕು. ಅಳತೆ ತಪ್ಪಿದ್ದೆಲ್ಲ ಬಂದು ಸೇರುವುದು ಅಲ್ಲಿಗೇ. ನೀರು ಇಳಿಯುತ್ತಿಲ್ಲ ಎಂದರೆ ಪ್ಲಂಬರಿಗೆ ಫೋನ್ ಮಾಡುವ ಮುಂಚೆ ಸಿಂಕಿನ ಕೆಳಗೆ ಕೂತು ನೋಡಿ. ಬಾಟಲಿಯ ಆಕಾರದ ಒಂದು ಪ್ಲಾಸ್ಟಿಕ್ ಭಾಗ ಕಾಣುತ್ತದೆ, ಬಾಟಲ್ ಟ್ರ್ಯಾಪ್. ಅದರ ತಳದ ಬಟ್ಟಲಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಮೋರಿಯ ವಾಸನೆ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. ಮನೆಯ ಕಸವೂ ಅಲ್ಲೇ ನಿಂತುಬಿಡುತ್ತದೆ. ಕೆಳಗೆ ಬಕೆಟ್ ಇಟ್ಟು, ಬಟ್ಟಲನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ. ಒಳಗೊಂದು ಕಪ್ಪು ರಬ್ಬರ್ ವಾಷರ್ ಇರುತ್ತದೆ, ಅದು ಕೊಳೆಯ ಜೊತೆ ಬಕೆಟ್ಟಿಗೆ ಬೀಳುತ್ತದೆ, ಬಿದ್ದದ್ದು ತಿಳಿಯುವುದು ಎಲ್ಲ ಜೋಡಿಸಿ ಸೋರಲು ಶುರುವಾದ ಮೇಲೆ. ಮೊದಲೇ ಹುಡುಕಿ ಜೇಬಿಗೆ ಹಾಕಿಕೊಳ್ಳಿ. ಬಟ್ಟಲನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಮತ್ತೆ ಹಾಕುವಾಗ ಕೈಬಿಗಿ ಸಾಕು, ಕಟಿಂಗ್ ಪ್ಲೇಯರ್ ಹಿಡಿದು ಬಿಗಿದರೆ ತಿರುಪಿನ ಸುತ್ತು ಸೀಳುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಎಡವುವ ಜಾಗ ಒಂದಿದೆ. ಬಟ್ಟಲು ಇನ್ನೂ ಕೈಯಲ್ಲೇ ಇರುತ್ತದೆ. ಬಕೆಟ್ಟಿನಲ್ಲಿ ಕರ್ರಗಿನ ನೀರು ತುಂಬಿರುತ್ತದೆ. ಕೊಳಕು ನೀರನ್ನು ಎಲ್ಲಿ ಚೆಲ್ಲಬೇಕು? ಕೈ ಯೋಚಿಸುವುದಿಲ್ಲ, ಅದಕ್ಕೆ ವರ್ಷಗಳ ರೂಢಿ. ಬಕೆಟ್ ಎತ್ತಿ ಸಿಂಕಿಗೇ ಸುರಿಯುತ್ತದೆ. ಆ ನೀರು ಬಟ್ಟಲಿಲ್ಲದ ಕೊಳವೆಯಿಂದ ಸಲೀಸಾಗಿ ಇಳಿದು ನೇರ ಪಾದದ ಮೇಲೆ ಬೀಳುತ್ತದೆ. ಬ್ಲಾಕ್ ಬಿಟ್ಟಿದೆ ಎಂಬುದಕ್ಕೆ ಇದಕ್ಕಿಂತ ಖಚಿತ ಸಾಕ್ಷಿ ಬೇಡ. ಬಕೆಟ್ಟನ್ನು ಟಾಯ್ಲೆಟ್ಟಿಗೆ ಸುರಿಯಬೇಕಿತ್ತು.

ನೆಲ ಒರೆಸುವ ಮುಂಚೆ ಬಟ್ಟಲಿನಿಂದ ಬಂದದ್ದನ್ನು ಒಮ್ಮೆ ನೋಡಿ. ನಾಲ್ಕು ಸಾಸಿವೆ, ಕರಿಬೇವಿನ ಒಂದೆಲೆ, ಊದಿಕೊಂಡ ಅನ್ನದ ಅಗುಳು, ಎಲ್ಲ ಸೇರಿ ಸರಿಯಾಗಿ ಒಂದು ಹಿಡಿ. ಅಮ್ಮ ಹೇಳಿದ ಹಿಡಿ ಇದೇ ಇರಬೇಕು.