ಸ್ಪಷ್ಟನೆ: ಒಂದೇ ಬ್ಯಾಟರಿಯಲ್ಲಿ ಬೋಟಿನ ಎಸಿ ರಾತ್ರಿಯಿಡೀ ಓಡುವುದಿಲ್ಲ

ದುಬೈನಲ್ಲಿ ಸಣ್ಣ ಪವರ್‌ಬೋಟ್ ಇಟ್ಟುಕೊಂಡಿರುವ ನಮ್ಮವರ ನಡುವೆ ಒಂದು ಮಾತು ಓಡಾಡುತ್ತಿದೆ: "ಕ್ಯಾಬಿನ್‌ಗೆ 5,000 ಬಿಟಿಯು (ತಂಪು ಮಾಡುವ ಸಾಮರ್ಥ್ಯದ ಅಳತೆ) ಎಸಿ ಹಾಕಿಸಿ. 100 ಆಂಪಿಯರ್-ಅವರ್ ಬ್ಯಾಟರಿ ಒಂದಿದ್ದರೆ ರಾತ್ರಿಯಿಡೀ ತಂಪಾಗಿ ಮಲಗಬಹುದು." ಇದು ತಪ್ಪು.

ಲೆಕ್ಕ ನೋಡಿ. 12 ವೋಲ್ಟಿನ ಆ ಬ್ಯಾಟರಿಯಲ್ಲಿರುವುದು ಸುಮಾರು 1,200 ವ್ಯಾಟ್-ಅವರ್. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಬೇಗ ಹಾಳಾಗುತ್ತದೆ. ಅಲ್ಲಿಗೆ ಕೈಗೆ ಸಿಗುವುದು 600. ಕಂಪ್ರೆಸರ್ ಓಡುವಾಗ ಅಷ್ಟು ಸಣ್ಣ ಎಸಿಯೂ 450ರಿಂದ 500 ವ್ಯಾಟ್ ಎಳೆಯುತ್ತದೆ. ಇನ್ವರ್ಟರ್ ಕೂಡ ಸ್ವಲ್ಪ ತಿನ್ನುತ್ತದೆ. ಒಂದು ಗಂಟೆ ಚಿಲ್ಲರೆ, ಅಷ್ಟೇ. ಲಿಥಿಯಂ ಹಾಕಿಸಿದರೂ ಬೆಳಗಿನವರೆಗೆ ಬರುವುದಿಲ್ಲ.

ಬೋಟಿಗೆಂದೇ ಮಾಡಿದ ಎಸಿ ಬಿಸಿಯನ್ನು ಸಮುದ್ರದ ನೀರಿಗೆ ಬಿಡುತ್ತದೆ. ಆ ನೀರೆಳೆಯುವ ಪಂಪಿಗೂ ಕರೆಂಟ್ ಬೇಕು, ಅಲ್ವಾ? ಆ ನೀರನ್ನು ಸೋಸುವ ಜಾಲರಿಗೆ ಪಾಚಿ ಮೆತ್ತಿಕೊಂಡರೆ ಎಸಿ ನಿಂತೇಬಿಡುತ್ತದೆ. ಆಗಸ್ಟ್‌ನಲ್ಲಂತೂ ಇಲ್ಲಿನ ಸಮುದ್ರದ ನೀರೇ ಬೆಚ್ಚಗಿರುತ್ತದೆ, ಹಾಗಾಗಿ ಅದಕ್ಕೆ ಬಿಸಿ ಬಿಡುವುದೂ ಕಷ್ಟ.

ನನಗೆ ನಿಜವಾಗಿ ಭಯವಾಗುವುದು ಇದರ ಜೊತೆಗೇ ಬರುವ ಇನ್ನೊಂದು ಸಲಹೆ: "ಬ್ಯಾಟರಿ ಸಾಲದಿದ್ದರೆ ಚಿಕ್ಕ ಪೆಟ್ರೋಲ್ ಜನರೇಟರನ್ನು ಹಿಂದಿನ ಡೆಕ್ಕಿನಲ್ಲಿಟ್ಟು ಓಡಿಸಿ." ದಯವಿಟ್ಟು ಬೇಡ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ತಿರುಗಿದರೆ ಬಾಗಿಲ ಸಂದಿಯಿಂದ ಒಳಗೆ ನುಗ್ಗುತ್ತದೆ. ಮೊದಲು ತಲೆನೋವು, ವಾಕರಿಕೆ. ನಿದ್ದೆಯಲ್ಲಿದ್ದರೆ ಅದೂ ಗೊತ್ತಾಗದೆ ಜೀವ ಹೋಗಬಹುದು.

ರಾತ್ರಿ ಎಸಿ ಬೇಕಿದ್ದರೆ ಮರೀನಾದಲ್ಲಿ ಬೋಟ್ ಕಟ್ಟಿ, ದಡದ ಕರೆಂಟಿಗೆ ಜೋಡಿಸಿಕೊಳ್ಳಿ. ಕ್ಯಾಬಿನ್ ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು.