ಪಡಿತರ ಅಕ್ಕಿಯಲ್ಲಿರುವುದು ಪ್ಲಾಸ್ಟಿಕ್ ಅಲ್ಲ

‘ನ್ಯಾಯಬೆಲೆ ಅಂಗಡಿಯ ಅಕ್ಕಿಗೆ ಪ್ಲಾಸ್ಟಿಕ್ ಬೆರೆಸಿದ್ದಾರೆ, ನೀರಿಗೆ ಹಾಕಿದರೆ ತೇಲುತ್ತದೆ, ಅನ್ನದ ಉಂಡೆ ಚೆಂಡಿನಂತೆ ಪುಟಿಯುತ್ತದೆ’ ಎಂಬ ವಿಡಿಯೊ ಮತ್ತೆ ಮತ್ತೆ ಹರಿದಾಡುತ್ತಿದೆ. ಇದು ಶುದ್ಧ ಸುಳ್ಳು.

ಪ್ಲಾಸ್ಟಿಕ್ ಎನ್ನುತ್ತಿರುವ ಆ ಕಾಳುಗಳು ಸಾರವರ್ಧಿತ ಕಾಳುಗಳು, ಅಂದರೆ ಪೋಷಕಾಂಶ ಸೇರಿಸಿದವು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರ ಕೊಡುತ್ತಾರೆ. ಸಾರವರ್ಧಿತ ಅಕ್ಕಿಯಲ್ಲಿ ಇವು ಕಿಲೋಗೆ ಸುಮಾರು 10 ಗ್ರಾಂನಷ್ಟಿರುತ್ತವೆ. ಮೊರದಲ್ಲಿ ಹರಡಿದರೆ ಉಳಿದ ಕಾಳುಗಳ ನಡುವೆ ಇವುಗಳ ಬಣ್ಣ ತುಸು ಬೇರೆಯಾಗಿ ಕಾಣಬಹುದು. ಹಿಟ್ಟಿನಿಂದ ಮಾಡಿದ್ದರಿಂದ ಸಾಂದ್ರತೆ ಕಡಿಮೆ, ಹಾಗಾಗಿ ಕೆಲವು ತೇಲುತ್ತವೆ. ಅನ್ನದ ಉಂಡೆ ಪುಟಿಯುವುದೂ ಪುರಾವೆಯಲ್ಲ. ಪಿಷ್ಟದ ಅಂಟಿನಿಂದ ಯಾವ ಅನ್ನದ ಉಂಡೆಯೂ ಪುಟಿಯಬಲ್ಲದು. ಪ್ಲಾಸ್ಟಿಕ್ ಆಗಿದ್ದರೆ ಬೆಂದು ಅನ್ನವಾಗುತ್ತಲೇ ಇರಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ಮನೆಗಳಲ್ಲೇ ಈ ವಿಡಿಯೊ ನಂಬಿ ಕಬ್ಬಿಣಾಂಶದ ಕಾಳುಗಳನ್ನು ಆರಿಸಿ ಎಸೆಯುವಂತಾದರೆ ಅದಕ್ಕಿಂತ ಸಂಕಟವಿಲ್ಲ.

ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಈ ಅಕ್ಕಿಯೊಂದರಿಂದಲೇ ರಕ್ತಹೀನತೆ ಎಷ್ಟು ತಗ್ಗುತ್ತದೆ ಎಂಬ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರಿಗೆ ಹೆಚ್ಚುವರಿ ಕಬ್ಬಿಣಾಂಶ ಒಳ್ಳೆಯದಲ್ಲ. ಅವರು ವೈದ್ಯರನ್ನು ಕೇಳಿಯೇ ಇದನ್ನು ಬಳಸಬೇಕು.