ಬಜೆಟ್‌ನಲ್ಲಿ ಸಂಬಳ, ಬಾಡಿಗೆ ತೋರಿಸಬಾರದಾ? ಒಂದು ಸ್ಪಷ್ಟನೆ

"ಅನುದಾನ ಕೊಡುವ ಫೌಂಡೇಶನ್‌ಗೆ ಅರ್ಜಿ ಹಾಕುವಾಗ ಬಜೆಟ್‌ನಲ್ಲಿ ಸಂಬಳ, ಬಾಡಿಗೆ ತೋರಿಸಬೇಡಿ, ತೋರಿಸಿದರೆ ಅರ್ಜಿ ನೇರ ಕಸದಬುಟ್ಟಿಗೆ" ಎಂಬ ಮಾತು ಸಣ್ಣ ಸೇವಾ ಸಂಸ್ಥೆಗಳ ನಡುವೆ ಓಡಾಡುತ್ತಿದೆ. ಇದು ಪೂರ್ತಿ ಸರಿಯಲ್ಲ.

ಕೆಲವು ಫೌಂಡೇಶನ್‌ಗಳು ಇಂಥ ಖರ್ಚಿಗೆ ಹಣ ಕೊಡುವುದಿಲ್ಲ, ನಿಜ. ಕೆಲವು ಶೇಕಡಾ ಇಷ್ಟು ಎಂದು ಮಿತಿ ಹಾಕುತ್ತವೆ. ಇನ್ನು ಕೆಲವು ಫೌಂಡೇಶನ್‌ಗಳು ಸಂಸ್ಥೆ ನಡೆಸಲೆಂದೇ ಹಣ ಕೊಡುತ್ತವೆ. ಮೊದಲು ಅವರ ಮಾರ್ಗಸೂಚಿ ಓದಿ. ಅದರಲ್ಲಿ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ, ಅದರಲ್ಲಿ ಸಂಕೋಚ ಏನೂ ಬೇಡ.

ಮಕ್ಕಳ ಓದಿನ ಕೇಂದ್ರ ನಡೆಸುತ್ತೀರಿ ಅಂದುಕೊಳ್ಳಿ. ಸಂಯೋಜಕಿ ವಾರದ 40 ಗಂಟೆಯಲ್ಲಿ 10 ಗಂಟೆ ಅದಕ್ಕೇ ದುಡಿದರೆ, ಅವರ ಸಂಬಳದ ಕಾಲು ಭಾಗ ಆ ಯೋಜನೆಯ ಖರ್ಚೇ ಅಲ್ವಾ? ಹಾಗೇ ಬರೆಯಿರಿ. ಲೆಕ್ಕ ಹಾಕಿದ ರೀತಿಯನ್ನೂ ಒಂದು ಸಾಲಿನಲ್ಲಿ ಹೇಳಿ. ಸುಮ್ನೆ ಸೊನ್ನೆ ತೋರಿಸಿದರೆ ಓದುವವರಿಗೆ ಅನುಮಾನವೇ ಜಾಸ್ತಿ: ಹಾಗಾದರೆ ಕೆಲಸ ಮಾಡುವವರು ಯಾರು? ಸ್ವಯಂಸೇವಕರೇ ಮಾಡುವುದಾದರೆ ಅದನ್ನೂ ಬರೆಯಿರಿ.

ನನ್ನ ಪ್ರಕಾರ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿದೆ: ಸಂಬಳವನ್ನು 'ಸಾಮಗ್ರಿ' ಎಂಬ ಹೆಸರಿನಲ್ಲಿ ಅಡಗಿಸುವುದು. ಖರ್ಚಿನ ವರದಿ ಕೊಡುವ ದಿನ ಅದಕ್ಕೆ ರಸೀದಿ ಎಲ್ಲಿಂದ ತರುತ್ತೀರಿ?